ಕೆಳಮನೆ, ಮೇಲ್ಮನೆ

ಕರ್ನಾಟಕದ ಶಾಸಕಾಂಗಕ್ಕೆ ಕೆಳಮನೆ, ಮೇಲ್ಮನೆ ಎಂಬ ಎರಡು ಸದನಗಳಿರುವುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಯಾದರೂ, ಬೆಂಗಳೂರಿನ 30×40 ಅಡಿಯ ಸೈಟುಗಳ ಮೇಲೂ ಇದೇ ದ್ವಿಸದನ ಪದ್ಧತಿ ಬಹುಕಾಲದಿಂದ ಜಾರಿಯಲ್ಲಿರುವುದನ್ನು ರಾಜ್ಯಶಾಸ್ತ್ರದ ವಿದ್ವಾಂಸರು ಇನ್ನೂ ಗಮನಿಸಿದಂತೆ ಕಾಣುವುದಿಲ್ಲ. ಕೆಳಗಿನ ಮನೆಯಲ್ಲಿ ಮಾಲೀಕರು, ಅಂದರೆ ಬಳಕೆಯ ಮಾತಿನಲ್ಲಿ ‘ಓನರು’, ವಾಸವಾಗಿರುತ್ತಾರೆ. ಮೇಲಿನ ಮನೆಯಲ್ಲಿ ಬಾಡಿಗೆದಾರನ ಸಂಸಾರವಿರುತ್ತದೆ. ಅದಕ್ಕೂ ಮೇಲೆ, ಟೆರೇಸಿನ ಮೂಲೆಯಲ್ಲಿ ಶೀಟು ಹೊದಿಸಿದ ಒಂದು ರೂಮಿದ್ದರೆ ಅದರಲ್ಲಿ ಬ್ರಹ್ಮಚಾರಿಯೊಬ್ಬನಿದ್ದು, ಅವನಿಗೆ ಯಾವ ಸದನದಲ್ಲೂ ಮಾತಾಡುವ ಹಕ್ಕಿರುವುದಿಲ್ಲ. ಹಣಕಾಸು ಮಸೂದೆಯನ್ನು ಕೆಳಮನೆಯಲ್ಲಿ ಮಾತ್ರ ಮಂಡಿಸತಕ್ಕದ್ದು, ಮೇಲ್ಮನೆಯು ಅದನ್ನು 14 ದಿನಗಳೊಳಗೆ ಹಿಂದಿರುಗಿಸತಕ್ಕದ್ದು ಎಂಬ ಸಂವಿಧಾನದ 198ನೆಯ ವಿಧಿಯು ಈ ಮನೆಗಳಿಗೂ ಚಾಚೂತಪ್ಪದೆ ಅನ್ವಯಿಸುತ್ತದೆ. ಬಾಡಿಗೆ ಏರಿಕೆಯ ಪ್ರಸ್ತಾಪ ಪ್ರತಿವರ್ಷ ಕೆಳಗಿನಿಂದಲೇ ಹೊರಡುತ್ತದೆ, ಮೇಲಿನವರು ‘ಮನೇಲಿ ಕೇಳಿ ಹೇಳ್ತೀನಿ ಸಾರ್’ ಎಂದು ಎರಡು ವಾರ ಎಳೆಯಬಹುದೇ ಹೊರತು ಅದನ್ನು ತಳ್ಳಿಹಾಕಲಾರರು. ವ್ಯತ್ಯಾಸವಿರುವುದು ಒಂದೇ ಕಡೆ. ವಿಧಾನ ಪರಿಷತ್ತು ವಿಸರ್ಜನೆಯಿಲ್ಲದ ಕಾಯಂ ಸದನ. ಬಾಡಿಗೆಯ ಮೇಲ್ಮನೆಯನ್ನಾದರೋ ‘ಮಗ ಅಮೆರಿಕದಿಂದ ವಾಪಸ್ ಬರ್ತಿದಾನೆ’ ಎಂಬ ಒಂದೇ ವಾಕ್ಯದಿಂದ ವಿಸರ್ಜಿಸಬಹುದು.

ಈ ಎರಡು ಸದನಗಳ ಸೌಹಾರ್ದವನ್ನು ಕುರಿತು ವಿಚಾರಮಾಡುವಾಗ ಮೊದಲು ಕಾನೂನಿನ ಮಾತನ್ನು ನೋಡುವುದು ವಾಡಿಕೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೆಯ ಪ್ರಕರಣವು ಗುತ್ತಿಗೆ ಎಂಬುದನ್ನು ಸ್ಥಿರಾಸ್ತಿಯೊಂದನ್ನು ಅನುಭೋಗಿಸುವ ಹಕ್ಕಿನ ವರ್ಗಾವಣೆ ಎಂದು ವಿವರಿಸುತ್ತದೆ. ಹಾಗಾಗಿ ಬಾಡಿಗೆದಾರನ ಕೈಸೇರುವುದು ಮನೆಯ ಭೋಗ ಮಾತ್ರ, ಮನೆ ಓನರ ಬಳಿಯೇ ಉಳಿಯುತ್ತದೆ. ದಿನ ಬಿಟ್ಟು ದಿನ ಬರುವ ನೀರು, ಪಕ್ಕದ ಮನೆಯ ಗೋಡೆಗೆ ತೆರೆದುಕೊಳ್ಳುವ ಕಿಟಕಿ, ಒಬ್ಬರು ಇಳಿಯುವಾಗ ಇನ್ನೊಬ್ಬರು ನಿಲ್ಲಬೇಕಾದ ಮೆಟ್ಟಿಲು, ಇವುಗಳಲ್ಲಿ ಭೋಗ ಎಲ್ಲಿದೆ ಎಂಬ ಪ್ರಶ್ನೆಯನ್ನು ಕಾಯ್ದೆ ಎತ್ತುವುದಿಲ್ಲ. ಕನ್ನಡವೂ ಇದೇ ಮೂಲದ ‘ಭೋಗ್ಯ’ ಎಂಬ ಪದವನ್ನು ಇಟ್ಟುಕೊಂಡಿದೆ. ತಿಂಗಳ ಬಾಡಿಗೆಯ ಗೋಜಿಲ್ಲದೆ, ದೊಡ್ಡದೊಂದು ಗಂಟನ್ನು ಓನರ ಕೈಗಿತ್ತು, ಎರಡು ಮೂರು ವರ್ಷ ವಾಸವಿದ್ದು, ಮನೆ ಬಿಡುವಾಗ ಅದೇ ಗಂಟನ್ನು ಬಡ್ಡಿಯಿಲ್ಲದೆ ಹಿಂಪಡೆಯುವ ವ್ಯವಸ್ಥೆಗೆ ಈ ಹೆಸರು. ಭೋಗ್ಯದ ಮನೆಯಲ್ಲಿರುವವನು ಲೆಕ್ಕಕ್ಕೆ ಓನರಿಗೆ ಸಾಲ ಕೊಟ್ಟವನೇ ಆಗಿದ್ದರೂ, ಗೇಟಿನ ಬಳಿ ಎದುರಾದಾಗ ಮೊದಲು ಕೈ ಮುಗಿಯುವವನು ಅವನೇ ಎಂಬುದು ಗಮನಾರ್ಹ. ತಿಂಗಳ ಬಾಡಿಗೆಯ ಪದ್ಧತಿಯಲ್ಲಿಯೂ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೊಡುವುದು ಈ ಊರಿನ ಹಳೆಯ ರೂಢಿ. ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಠೇವಣಿ ಕೂಡದು ಎಂದಿದೆಯಾದರೂ, ಅದು ರಾಜ್ಯಗಳು ಮನಸ್ಸಿದ್ದರೆ ಅನುಸರಿಸಬಹುದಾದ ಮಾದರಿಯಾದ್ದರಿಂದ, ಶೋಕೇಸಿನ ಗೊಂಬೆಯನ್ನು ನೋಡುವಂತೆ ಓನರುಗಳು ಅದನ್ನು ದೂರದಿಂದ ಮೆಚ್ಚಿಕೊಂಡಿದ್ದಾರೆ. ಅಡ್ವಾನ್ಸಿಗೆ ಕನ್ನಡದಲ್ಲಿ ಮುಂಗಡ ಎಂಬ ಒಳ್ಳೆಯ ಪದವಿದ್ದು, ಅದಕ್ಕೆದುರಾಗಿ ‘ಹಿಂಗಡ’ ಎಂಬ ಮಾತು ಹಣದ ವ್ಯವಹಾರದಲ್ಲಿ ಬೆಳೆದುಬರದಿರುವುದು ಆಕಸ್ಮಿಕವೆಂದು ಹೇಳಲಾಗದು.

ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ವಿಧಿಸಿರುವುದರಿಂದ, ಆ ಖರ್ಚು ತಪ್ಪಿಸಿಕೊಳ್ಳಲು ಎಲ್ಲರೂ 11 ತಿಂಗಳ ಕರಾರು ಪತ್ರ ಮಾಡಿಕೊಳ್ಳುತ್ತಾರೆ. ಅದರಲ್ಲಿ ಫ್ಯಾನು ಎಷ್ಟು, ಟ್ಯೂಬ್‌ಲೈಟು ಎಷ್ಟು, ಗೀಸರಿಗೆ ವಯಸ್ಸೆಷ್ಟು ಎಂಬುದೆಲ್ಲ ನಮೂದಾಗಿರುತ್ತದೆ. ಆದರೆ ಸಂಬಂಧವನ್ನು ಉಳಿಸುವ ಅಥವಾ ಕೆಡಿಸುವ ಷರತ್ತುಗಳೆಲ್ಲ ಛಾಪಾಕಾಗದಕ್ಕೆ ಹತ್ತದೆ ಬಾಯಿಮಾತಿನಲ್ಲಿಯೇ ಉಳಿದಿದ್ದು, ಅವನ್ನು ಅರ್ಥಮಾಡಿಕೊಳ್ಳಲು ಒಂದು ಬಗೆಯ ವ್ಯಾಖ್ಯಾನ ಬೇಕಾಗುತ್ತದೆ. ‘ನಿಮ್ಮನ್ನ ನಮ್ಮನೆಯವರ ಥರಾನೇ ನೋಡ್ಕೋತೀವಿ’ ಎಂದರೆ ರಾತ್ರಿ 10 ಗಂಟೆಗೆ ಗೇಟಿಗೆ ಬೀಗ ಬೀಳುತ್ತದೆ ಎಂದರ್ಥ. ‘ನೆಂಟರು ಬಂದಿದ್ರಾ?’ ಎಂಬುದು ಪ್ರಶ್ನೆಯ ರೂಪದಲ್ಲಿದ್ದರೂ ನಿಜವಾಗಿ ನೀರಿನ ಲೆಕ್ಕ. ‘ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ’ ಎಂಬ ಪೀಠಿಕೆಯ ನಂತರ ಬರುವ ಮಾತು ಬೇಜಾರಿನದೇ ಆಗಿರುತ್ತದೆ. ಅದಕ್ಕೆ ಪರಂಪರಾಗತವಾದ ಸರಿಯುತ್ತರ ‘ಅಯ್ಯೋ, ಅದರಲ್ಲೇನಿದೆ ಆಂಟಿ’ ಎಂಬುದೊಂದೇ. ಇವೆಲ್ಲಕ್ಕೂ ಮೊದಲು, ಮನೆ ನೋಡಲು ಬಂದವರನ್ನು ‘ಯಾವ ಕಡೆಯವರು?’ ಎಂದು ಕೇಳುವ ಒಂದು ಘಟ್ಟವಿದ್ದು, ಶಿವಮೊಗ್ಗ ಎಂಬ ಉತ್ತರದಿಂದ ಅಲ್ಲಿ ಯಾರಿಗೂ ತೃಪ್ತಿಯಾಗುವುದಿಲ್ಲ. ಜಾತಿಯನ್ನೋ ಅಡುಗೆಮನೆಯ ವಾಸನೆಯನ್ನೋ ತಿಳಿಯಬೇಕೆಂದಿರುವವರು ಊರಿನ ಹೆಸರಿನ ಹಿಂದೆ ಅಡಗಿಕೊಳ್ಳುವ ಈ ಸಂದರ್ಭದಲ್ಲಿ ಮಾತ್ರ ವಿನೋದಕ್ಕೆ ಅವಕಾಶ ಕಡಿಮೆ. ಅಂಥ ಮನೆಯೊಡನೆ ಸೌಹಾರ್ದವನ್ನು ಕಾಪಾಡುವ ಅತ್ಯುತ್ತಮ ವಿಧಾನ ಮುಂದಿನ ಬೀದಿಯಲ್ಲಿ ಬೋರ್ಡು ಹುಡುಕುವುದು.

ಮನೆಯೊಳಗೆ ಹಾಲು ಉಕ್ಕಿಸಿ ಬಂದು ಸೇರಿದ ಮೇಲೆ ಬಾಡಿಗೆದಾರನು ಮಾಡಬೇಕಾದ ಮೊದಲ ಕೆಲಸವು ಯಾವ ಕರಾರಿನಲ್ಲೂ ಇಲ್ಲ, ಎಲ್ಲ ಕರಾರಿಗಿಂತಲೂ ಹೆಚ್ಚು ಫಲ ಕೊಡುತ್ತದೆ. ಅದೆಂದರೆ ಆ ಮನೆಯನ್ನು ಕಟ್ಟಿದ ಕಥೆಯನ್ನು ಕೇಳುವುದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಎರಡನೆಯ ಅರ್ಧದ ಅನುಭವವನ್ನು ಕೇಳಲು ನೆಂಟರಿರುತ್ತಾರೆ. ಮೊದಲನೆಯ ಅರ್ಧಕ್ಕೆ ಶ್ರೋತೃವೇ ಇರುವುದಿಲ್ಲ. ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಮೂವತ್ತು ವರ್ಷ ದುಡಿದು, ನಾಲ್ಕನೆಯ ಅರ್ಜಿಗೆ ಸೈಟು ಮಂಜೂರಾಗಿ, ಪಿ.ಎಫ್. ತೆಗೆದು, ಹೆಂಡತಿಯ ಬಳೆ ಅಡವಿಟ್ಟು, ಮೇಸ್ತ್ರಿ ನಡುವೆ ಕೈಕೊಟ್ಟು, ಮೋಲ್ಡ್ ಹಾಕುವ ದಿನವೇ ಮಳೆ ಬಂದು ಮುಗಿದ ಆ ಮನೆಯ ಇತಿಹಾಸವನ್ನು ಮಕ್ಕಳು ನೂರು ಸಲ ಕೇಳಿ ದಣಿದಿರುತ್ತಾರೆ. ಹೊಸದಾಗಿ ಬಂದ ಬಾಡಿಗೆದಾರನು ಬಾಗಿಲ ಬಳಿ ನಿಂತು ‘ಇದು ತೇಗಾನಾ ಸಾರ್?’ ಎಂದು ಕೇಳಿದ ಕೂಡಲೇ ಓನರು ಚಪ್ಪಲಿ ಬಿಟ್ಟು ಒಳಗೆ ಬಂದು, ಬೆರಳ ಗಿಣ್ಣಿನಿಂದ ಚೌಕಟ್ಟನ್ನು ಎರಡು ಸಲ ತಟ್ಟಿ, ಆ ಸದ್ದು ಪೂರ್ತಿ ಅಡಗುವವರೆಗೆ ಕಾದು, ‘ಒಂದೇ ಮರದ್ದು’ ಎನ್ನುತ್ತಾರೆ. ಆಮೇಲೆ ಗೋಡೆಯ ಮೇಲೆ ಅಂಗೈ ಇಟ್ಟು, ‘ಇಪ್ಪತ್ತೊಂದು ದಿನ ನೀರು ಹೊಡೆದಿದೀನಿ, ನಾನೇ, ಡ್ಯೂಟಿಗೆ ಹೋಗೋಕ್ ಮುಂಚೆ’ ಎಂದು ಸೇರಿಸುತ್ತಾರೆ. ಈ ಒಂದು ಸಂಜೆಗೆ ಒಂದೂವರೆ ಗಂಟೆ ವ್ಯಯವಾಗುತ್ತದೆ. ಮುಂದೆ ಬಾಡಿಗೆ ಐದನೆಯ ತಾರೀಖಿನಿಂದ ಹತ್ತಕ್ಕೆ ಜಾರಿದಾಗ ಅದೇ ಒಂದೂವರೆ ಗಂಟೆ ಜಾಮೀನಾಗಿ ನಿಲ್ಲುತ್ತದೆ.

ಈ ಇತಿಹಾಸವನ್ನು ಅರಿತವನಿಗೆ ಮೊಳೆಯ ಸಮಸ್ಯೆಯೂ ತಾನಾಗಿ ಅರ್ಥವಾಗುತ್ತದೆ. ಇಪ್ಪತ್ತೊಂದು ದಿನ ನೀರುಣಿಸಿದ ಗೋಡೆಗೆ ಹೊಡೆದ ಮೊಳೆ ಎಲ್ಲಿ ನಾಟುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಮೇಲೆ ಸುತ್ತಿಗೆಯ ಮೂರನೆಯ ಪೆಟ್ಟು ಬೀಳುವಷ್ಟರಲ್ಲಿ ಕೆಳಗಿನ ಮನೆಯ ಟಿ.ವಿ.ಯ ದನಿ ತಗ್ಗುತ್ತದೆ, ನಾಲ್ಕನೆಯದಕ್ಕೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳುತ್ತದೆ. ಆದಕಾರಣ ಅನುಭವಸ್ಥ ಬಾಡಿಗೆದಾರರು ಹಿಂದಿನವರು ಬಿಟ್ಟುಹೋದ ಮೊಳೆಗಳನ್ನೇ ನಂಬಿ ಸಂಸಾರ ಹೂಡುತ್ತಾರೆ. ದೇವರ ಪಟ ಷೂ ಸ್ಟ್ಯಾಂಡಿನ ನೆತ್ತಿಯ ಮೇಲೂ ಕ್ಯಾಲೆಂಡರು ಬಚ್ಚಲಮನೆಯ ಬಾಗಿಲ ಪಕ್ಕದಲ್ಲೂ ಗಡಿಯಾರ ಸೂರಿನ ಸಮೀಪದಲ್ಲೂ ತೂಗುತ್ತಿರುವ ಮನೆಯನ್ನು ಕಂಡರೆ, ಅಲ್ಲಿರುವವರು ಓನರೊಡನೆ ಚೆನ್ನಾಗಿದ್ದಾರೆಂದು ನಿಸ್ಸಂಶಯವಾಗಿ ತೀರ್ಮಾನಿಸಬಹುದು.

ನೀರಿನ ವಿಷಯ ಇದಕ್ಕಿಂತ ಗಂಭೀರವಾದದ್ದು. ಓನರಿಗೂ ಬಾಡಿಗೆದಾರನಿಗೂ ಮಾತು ಬಿಟ್ಟುಹೋದ ಮನೆಗಳಲ್ಲಿ ಕಾರಣವನ್ನು ಕೆದಕುತ್ತ ಹೋದರೆ ತಳದಲ್ಲಿ ಸಾಮಾನ್ಯವಾಗಿ ಸಿಗುವುದು ಸಂಪು, ಎಂದರೆ ಗೇಟಿನ ಒಳಗೆ, ಕಾರು ನಿಲ್ಲುವ ಜಾಗದ ಅಡಿಯಲ್ಲಿ ತೋಡಿಸಿದ ನೆಲತೊಟ್ಟಿ. ನಲ್ಲಿಯ ನೀರು ಮೊದಲು ಅದಕ್ಕೆ ಇಳಿದು, ಅಲ್ಲಿಂದ ಮೋಟಾರಿನ ಬಲದಿಂದ ಟೆರೇಸಿನ ಟ್ಯಾಂಕಿಗೆ ಏರಬೇಕು. ಕಾವೇರಿಯು ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಅಲ್ಲೊಮ್ಮೆ, ಹಾರೋಹಳ್ಳಿಯಲ್ಲೊಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ ಪಂಪು ಮಾಡಿಸಿಕೊಂಡು, ಸುಮಾರು 100 ಕಿಲೋಮೀಟರ್ ದೂರವನ್ನು ಏರುದಾರಿಯಲ್ಲಿ ಕ್ರಮಿಸಿ ಈ ಊರನ್ನು ತಲುಪುತ್ತದೆ; 1974ರಿಂದ ನಡೆದುಬಂದಿರುವ ಈ ಭಗೀರಥ ಪ್ರಯತ್ನದ ಕೊನೆಯ 40 ಅಡಿ ಮಾತ್ರ ಓನರ ವರಾಂಡದ ಬೀಗ ಹಾಕಿದ ಪೆಟ್ಟಿಗೆಯೊಳಗಿನ ಒಂದು ಸ್ವಿಚ್ಚನ್ನು ಅವಲಂಬಿಸಿದೆ. ಮೇಲಿನವರು ತಲೆಗೆ ಸೀಗೆಪುಡಿ ಹಚ್ಚಿಕೊಂಡ ಗಳಿಗೆಯಲ್ಲೇ ಟ್ಯಾಂಕು ಬರಿದಾಗುವುದು ಪ್ರಕೃತಿನಿಯಮ. ಆಗ ಬಾಲ್ಕನಿಯಿಂದ ಕೂಗಿ ಕೇಳುವುದು ಅಗತ್ಯವೇ ಆದರೂ ಪುಣ್ಯದ ಕೆಲಸವಲ್ಲ. ಪುಣ್ಯ ಬರುವುದು ಇದರ ವಿರುದ್ಧ ಸಂದರ್ಭದಲ್ಲಿ. ಓನರು ಮೋಟಾರು ಹಾಕಿ ಮರೆತು ಪೇಪರು ಓದುತ್ತಿರುವಾಗ, ತುಂಬಿದ ಟ್ಯಾಂಕಿನ ಪೈಪಿನಿಂದ ಪಕ್ಕದ ಮನೆಯ ಶೀಟಿನ ಮೇಲೆ ನೀರು ಸುರಿಯುವ ಸದ್ದು ಮೊದಲು ಕೇಳುವುದು ಮೇಲ್ಮನೆಗೆ. ತಟ್ಟೆಯಲ್ಲಿನ ಉಪ್ಪಿಟ್ಟನ್ನು ಬಿಟ್ಟು ಓಡಿಬಂದು ‘ಸಾರ್, ಮೋಟ್ರು!’ ಎಂದು ಕೂಗುವ ಬಾಡಿಗೆದಾರನ ಆ ಎರಡು ಪದಗಳಲ್ಲಿರುವಷ್ಟು ಸದ್ಭಾವ ಕರಾರಿನ ನಾಲ್ಕು ಪುಟಗಳಲ್ಲಿ ಇರುವುದಿಲ್ಲ. 2024ರ ಬೇಸಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದಾಗ, ಎಷ್ಟೋ ವರ್ಷಗಳ ಮುನಿಸು ಮರೆತು ಉಭಯ ಸದನಗಳು ಗೇಟಿನ ಮುಂದೆ ಜಂಟಿ ಅಧಿವೇಶನ ಸೇರಿದವು. ರಾಜ್ಯಪಾಲರ ಸ್ಥಾನದಲ್ಲಿ ನಿಂತ ಟ್ಯಾಂಕರಿನ ಡ್ರೈವರು ಆ ದಿನದ ದರವನ್ನು ಓದಿ ಹೇಳುತ್ತಿದ್ದ, ಸದಸ್ಯರು ಖಾಲಿ ಬಕೆಟ್ಟಿನೊಡನೆ ಎದ್ದುನಿಂತು ಕೇಳುತ್ತಿದ್ದರು.

ದುರಸ್ತಿಯ ವಿಷಯದಲ್ಲಿ ಕಾನೂನು ಬಾಡಿಗೆದಾರನ ಪರವಾಗಿಯೇ ಇದೆ. ಮಾಡಿಸಿಕೊಡಬೇಕಾದ ರಿಪೇರಿಯನ್ನು ಮಾಲೀಕನು ತಿಳಿಸಿದರೂ ಮಾಡಿಸದಿದ್ದರೆ ಬಾಡಿಗೆದಾರನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದು ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಪ್ರಕರಣ ಹೇಳುತ್ತದೆ. ಆ ಪ್ರಕರಣವನ್ನು ಓನರ ಮುಂದೆ ಗಟ್ಟಿಯಾಗಿ ಓದಿದವನು ಮುಂದಿನ ಆಷಾಢದೊಳಗೆ ಬೇರೆ ಮನೆ ಹುಡುಕಿಕೊಳ್ಳುವುದು ಲೇಸು. ಬಲ್ಲವರು ‘ನಲ್ಲಿ ಕೆಟ್ಟಿದೆ’ ಎನ್ನುವುದಿಲ್ಲ, ‘ನೀರು ವೇಸ್ಟಾಗ್ತಿದೆ ಸಾರ್, ನೋಡೋಕಾಗ್ತಿಲ್ಲ’ ಎನ್ನುತ್ತಾರೆ. ಅರ್ಧ ಗಂಟೆಯೊಳಗೆ ಓನರೇ ಸ್ಪ್ಯಾನರು, ವಾಷರು ಹಿಡಿದು ಮೇಲೆ ಬರುತ್ತಾರೆ. ವರ್ಷಕ್ಕೊಮ್ಮೆ ಆದಾಯ ತೆರಿಗೆಯ ಸಲುವಾಗಿ ಓನರ ಪ್ಯಾನ್ ನಂಬರು ಕೇಳಬೇಕಾಗಿ ಬರುವ ಪ್ರಸಂಗವೊಂದಿದೆ. ವರ್ಷದ ಬಾಡಿಗೆ 1 ಲಕ್ಷ ಮೀರಿದರೆ ಅದನ್ನು ಕೊಡಲೇಬೇಕಾದ್ದರಿಂದ ಆ ಮಾತನ್ನು ಎತ್ತದೆ ವಿಧಿಯಿಲ್ಲ. ಹೆಂಗಸರ ವಯಸ್ಸು ಕೇಳುವಷ್ಟೇ ನಾಜೂಕಿನಿಂದ, ಅದೂ ಹಬ್ಬದ ಮರುದಿನ, ಅದನ್ನು ಕೇಳಬೇಕು.

ಹಬ್ಬದ ಪ್ರಸ್ತಾಪ ಬಂದದ್ದರಿಂದ ಡಬ್ಬಿಯ ವಿಚಾರವನ್ನು ಬಿಡುವಂತಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲವೋ ಯುಗಾದಿಯ ಒಬ್ಬಟ್ಟೋ ಕೆಳಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಮೇಲೆ ಬರುತ್ತದೆ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಮನೆಯಾಕೆಯ ಹೆಸರಿರುತ್ತದೆ. ಆ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಕೂಡದೆಂಬುದು ಸರ್ವಸಮ್ಮತ. ಏನು ತುಂಬಬೇಕು, ಯಾವಾಗ ಕೊಡಬೇಕು ಎಂಬಲ್ಲಿ ಮಾತ್ರ ಸೂಕ್ಷ್ಮವಿದೆ. ಮರುದಿನವೇ ಕೊಟ್ಟರೆ ಲೆಕ್ಕ ತೀರಿಸಿದಂತಾಗುತ್ತದೆ, ತಿಂಗಳು ಕಳೆದರೆ ಡಬ್ಬಿಯನ್ನೇ ನುಂಗಿದಂತಾಗುತ್ತದೆ. ಬೇಕರಿಯ ತಿಂಡಿ ತುಂಬಿದರೆ ಉದಾಸೀನ, ಓನರ ಮನೆಯಾಕೆಯದಕ್ಕಿಂತ ಮೆತ್ತಗಿನ ಒಬ್ಬಟ್ಟು ತುಂಬಿದರೆ ಉದ್ಧಟತನ. ಹತ್ತು ದಿನ ಬಿಟ್ಟು, ಊರಿನಿಂದ ಬಂದ ಹಪ್ಪಳವನ್ನೋ ಅಮ್ಮ ಕಳಿಸಿದ ಚಟ್ನಿಪುಡಿಯನ್ನೋ ತುಂಬುವುದು ಅತ್ಯಂತ ನಿರಪಾಯಕರ ಮಾರ್ಗ. ಅದರ ರುಚಿಗೆ ಹೊಣೆ ಬೇರೊಂದು ಜಿಲ್ಲೆಯದು.

ಮನೆ ಬಿಡುವ ದಿನ ಓನರು ಟಾರ್ಚು ಹಿಡಿದು ಖಾಲಿ ಕೋಣೆಗಳಲ್ಲಿ ನಡೆಯುತ್ತಾರೆ. ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲವೆಂದು ಅದೇ 108ನೆಯ ಪ್ರಕರಣ ಹೇಳಿದ್ದರೂ, ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿಯ ಮುಂದೆ ಆ ಮಾತು ಅಷ್ಟಾಗಿ ನಡೆಯುವುದಿಲ್ಲ. ಹಾಗೂ ಹೀಗೂ ಹೊಡೆದಿದ್ದ ಒಂದೇ ಒಂದು ಮೊಳೆಯ ತೂತಿಗೆ ಹಿಂದಿನ ರಾತ್ರಿ ಟೂತ್‌ಪೇಸ್ಟು ತುಂಬಿರಲಾಗಿ, ಓನರು ಅಲ್ಲಿಯೇ ನಿಂತು, ಗೋಡೆಯ ಹತ್ತಿರ ಮೂಗು ತಂದು, ಲವಂಗದ ವಾಸನೆಯನ್ನು ಗುರುತಿಸಿ, ಏನೂ ಹೇಳದೆ ಟಾರ್ಚು ಆರಿಸಿ, ಚೆಕ್ಕು ಬರೆದುಕೊಡುತ್ತಾರೆ. ಹೊಸ ಮನೆಯಲ್ಲಿ ನಾಲ್ಕನೆಯ ದಿನ, ಪಾತ್ರೆಯ ಪೆಟ್ಟಿಗೆಯ ತಳದಿಂದ, ಚುಕ್ಕಿ ಚುಕ್ಕಿ ಹೆಸರಿನ ಡಬ್ಬಿಯೊಂದು ಹೊರಬರುತ್ತದೆ. ಅದನ್ನು ಬರಿದಾಗಿ ಕೊಡುವಂತಿಲ್ಲ. ಭಾನುವಾರ ಒಂದಿಷ್ಟು ಸಜ್ಜಿಗೆ ತುಂಬಿಕೊಂಡು ಬಾಡಿಗೆದಾರನು ಹಳೆಯ ಗೇಟಿನ ಮುಂದೆ ಹೋಗಿ ನಿಂತರೆ, ಮೇಲ್ಮನೆಯಲ್ಲಿ ಆಗಲೇ ಹೊಸಬರ ಬಟ್ಟೆ ಒಣಗುತ್ತಿರುತ್ತದೆ, ಎಲ್ಲಿಂದಲೋ ಸುತ್ತಿಗೆಯ ಪೆಟ್ಟು ಕೇಳುತ್ತಿರುತ್ತದೆ. ಓನರು ಒಂದು ಸಲ ಮೇಲೆ ನೋಡಿ, ಚಿಲಕ ತೆಗೆಯುತ್ತ, ‘ಬನ್ನಿ ಬನ್ನಿ, ಅಲ್ಲಿ ನೀರು ಹೇಗಿದೆ?’ ಎಂದು ಕೇಳುತ್ತಾರೆ.