ನಿರ್ಗುಣ ಪೆಟ್ಟಿಗೆಯ ಉಪಾಸಕರು

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಮಹಡಿಗೊಬ್ಬರಂತೆ ಸಿಗುವ ಈ ಗಿಟಾರಿಗರಿಗೆ ವಯಸ್ಸು ನಲವತ್ತರ ಆಸುಪಾಸು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ಬೇಲಿಗೆ ಆತುಕೊಂಡು ನಿಂತಿದ್ದವರು ಇವರೇ. ಆಗಿನ ಕಪ್ಪು ಟೀಶರ್ಟು ಈಗ ಹೊಟ್ಟೆಗೆ ಬಾರದಿದ್ದರೂ ಬೀರುವಿನಲ್ಲಿ ಮಡಿಯಿಂದ ಇದೆ. ಆಗ ಬೆರಳಲ್ಲಿ ಕಸುವಿತ್ತು, ಜೇಬಲ್ಲಿ ಕಾಸಿರಲಿಲ್ಲ. ಈಗ ಕಾಸಿದೆ, ಆದ್ದರಿಂದ ಮನೆಗೆ ಡಿಜಿಟಲ್ ಮಾಡೆಲರ್ ಬಂದಿದೆ. 1998ರ ಪಾಡ್, 2006ರ ಆಕ್ಸ್-ಎಫ್‌ಎಕ್ಸ್, 2015ರ ಹೀಲಿಕ್ಸ್ ಎಂದು ಆ ವಂಶಾವಳಿಯನ್ನು ಇವರು ತಮ್ಮ ಗೋತ್ರಪ್ರವರಕ್ಕಿಂತ ಸಲೀಸಾಗಿ ಹೇಳಬಲ್ಲರು. ಹತ್ತಾರು ಆಂಪ್ಲಿಫೈಯರು, ಕ್ಯಾಬಿನೆಟ್ಟು, ಮೈಕುಗಳ ಲೆಕ್ಕಾಚಾರವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಆ ಯಂತ್ರಕ್ಕೆ ಒಂದೇ ಕೊರತೆ: ಬಾಯಿಲ್ಲ. ಬಾಯಿ ಬೇಕಾದರೆ ಒಳಗೇ ಪವರ್ ಆಂಪ್ ಇರುವ ಸ್ಪೀಕರ್ ಪೆಟ್ಟಿಗೆಯೊಂದನ್ನು ಬೇರೆ ಕೊಳ್ಳಬೇಕು. ಅದನ್ನು ಆರಿಸುವುದೇ ಈಗ ಇವರ ನಿತ್ಯಕರ್ಮ. ಗಿಟಾರ್ ನುಡಿಸುವುದು ನೈಮಿತ್ತಿಕ.

ಇವರು ಬಯಸುವ ಪೆಟ್ಟಿಗೆಯ ಲಕ್ಷಣವೇ ಅದಕ್ಕೆ ಲಕ್ಷಣವಿಲ್ಲದಿರುವುದು. ಐವತ್ತು ಹರ್ಟ್ಸ್‌ನಿಂದ ಇಪ್ಪತ್ತು ಸಾವಿರದವರೆಗೆ ಎಲ್ಲ ಸ್ವರವನ್ನೂ ಏರಿಸದೆ, ಇಳಿಸದೆ, ಕೊಟ್ಟದ್ದನ್ನು ಕೊಟ್ಟ ಹಾಗೇ ಆಚೆಗೆ ಬಿಡಬೇಕು. ಒಂದು ಅರ್ಥದಲ್ಲಿ ಇದು ನಿರ್ಗುಣೋಪಾಸನೆ. ಹಳೆಯ ಗಿಟಾರ್ ಸ್ಪೀಕರ್ ಹಾಗಲ್ಲ, ಅದು ಅಪ್ಪಟ ಸಗುಣ. ಅದರ ಕಾಗದದ ಕೋನು ಐದು ಸಾವಿರ ಹರ್ಟ್ಸ್ ದಾಟುತ್ತಿದ್ದಂತೆ ಕೈಚೆಲ್ಲುತ್ತದೆ, ಅದಕ್ಕಿಂತ ಸ್ವಲ್ಪ ಕೆಳಗೆ ಮಾತ್ರ ಅನಗತ್ಯವಾಗಿ ಎದೆಯುಬ್ಬಿಸುತ್ತದೆ. ಡಿಸ್ಟಾರ್ಷನ್‌ನ ಕರ್ಕಶವನ್ನೆಲ್ಲ ಸೋಸಿ ರಾಕ್ ಸಂಗೀತ ಎನ್ನುವಂತೆ ಮಾಡಿದ್ದು ಈ ಅಂಗವೈಕಲ್ಯವೇ. ಮಾಡೆಲರ್‌ನೊಳಗೆ ಈ ಗುಣದೋಷಗಳ ಪ್ರತಿಕೃತಿ ಆಗಲೇ ಇರುವಾಗ ಹೊರಗಿನ ಪೆಟ್ಟಿಗೆಯೂ ತನ್ನ ಬಣ್ಣ ಬಳಿಯಬಾರದು ಎಂಬ ಇವರ ತರ್ಕದಲ್ಲಿ ಹುಳುಕಿಲ್ಲ. ಹುಳುಕು ಕಾಣುವುದು ಪೆಟ್ಟಿಗೆ ಮನೆಗೆ ಬಂದ ಮೂರನೆಯ ವಾರ, ಇವರು ಮುಖ ಸಿಂಡರಿಸಿ “ಯಾಕೋ ಜೀವ ಇಲ್ಲ ಗುರು” ಎನ್ನುವಾಗ. ಆ ಮಾತು ಬಂತೆಂದರೆ ಪೆಟ್ಟಿಗೆ ಮಾರಾಟಕ್ಕಿದೆ ಎಂದೇ ತಿಳಿಯಬೇಕು. ಆದರೆ ಜೀವ ಹೋಗಿರುವುದು ಪೆಟ್ಟಿಗೆಯೊಳಗಲ್ಲ. ಅದರ ಹಿಂದೆ, ಮುಂದೆ, ಸುತ್ತ ನಡೆದ ಅಪರಾಧಗಳಿಗೆ ಪಾಪದ ಪೆಟ್ಟಿಗೆ ಶಿಕ್ಷೆ ಅನುಭವಿಸುತ್ತಿದೆ.

ಹಿಂದಿನದನ್ನು ಮೊದಲು ನೋಡೋಣ. ಮಾಡೆಲರ್ ಕೊಡುವುದು ಕ್ಯಾಬಿನೆಟ್ಟಿನ ಸದ್ದನ್ನಲ್ಲ, ಕ್ಯಾಬಿನೆಟ್ಟಿನ ಮುಂದಿಟ್ಟ ಮೈಕಿಗೆ ಕೇಳಿದ ಸದ್ದನ್ನು. ಆ ಮೈಕು ಬಹಳ ಸಲ 1965ರಿಂದ ಚಾಲ್ತಿಯಲ್ಲಿರುವ ಶೂರ್ ಎಸ್‌ಎಂ57. ಅದು ನಿಂತಿರುವುದು ಕೋನಿನಿಂದ ಒಂದೆರಡು ಇಂಚು ದೂರದಲ್ಲಿ. ಮನುಷ್ಯರು ಅಲ್ಲಿ ಕಿವಿ ಇಡುವುದಿಲ್ಲ. ಕಾಲೇಜಿನ ದಿನಗಳಲ್ಲಿ ಇವರ ಆಂಪ್ಲಿಫೈಯರ್ ನೆಲದ ಮೇಲಿತ್ತು, ಇವರು ಅದರೆದುರು ನಿಂತಿದ್ದರು. ಗಿಟಾರ್ ಸ್ಪೀಕರಿನ ಚೂಪು ಸ್ವರಗಳು ಕಿರಿದಾದ ಪಟ್ಟಿಯಲ್ಲಿ ನೇರವಾಗಿ ಹೊರಡುವುದರಿಂದ ಅವು ತಲುಪುತ್ತಿದ್ದುದು ಇವರ ಮೊಣಕಾಲನ್ನು. ಕಿವಿಗೆ ಏರಿ ಬರುತ್ತಿದ್ದುದು ಮೊನೆ ಮುರಿದ, ದುಂಡಗಾದ, ನೆಲಗೋಡೆಗಳಿಗೆ ಬಡಿದ ಸದ್ದು. ಇವರು ಇಪ್ಪತ್ತು ವರ್ಷದಿಂದ ಪ್ರೀತಿಸಿಕೊಂಡು ಬಂದ ಆ ‘ಜೀವ’ದಲ್ಲಿ ಒಂದು ಪಾಲು ಮೊಣಕಾಲಿನ ತ್ಯಾಗ. ಹೊಸ ಪೆಟ್ಟಿಗೆಯ ಟ್ವೀಟರ್ ಚೂಪು ಸ್ವರಗಳನ್ನು ಅಗಲಕ್ಕೆ ಹರಡುತ್ತದೆ, ಮೈಕಿನ ಸತ್ಯವನ್ನು ಮುಖಕ್ಕೇ ಎರಚುತ್ತದೆ. ಅದು ಪ್ರಾಮಾಣಿಕವಾಗಿದ್ದಷ್ಟೂ ಇವರಿಗೆ ಅಪರಿಚಿತ. ಇದನ್ನು ಮಾರಿ ಇದಕ್ಕಿಂತ ದುಬಾರಿಯ, ಇದಕ್ಕಿಂತ ಪ್ರಾಮಾಣಿಕವಾದ ಪೆಟ್ಟಿಗೆ ತಂದರೆ ದೂರು ದೊಡ್ಡದಾದೀತೇ ಹೊರತು ಕಿರಿದಾಗದು.

ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯನ್ನು ಇಲ್ಲಿ ಎಳೆದು ತರುವ ಆಸೆಯಾಗುತ್ತದೆ. ಅದು ಅನ್ಯಾಯ, ಯಾಕೆಂದರೆ ಇವರ ಪಾಲಿಗೆ ನೆಲ ನಿಜಕ್ಕೂ ಡೊಂಕಾಗಿದೆ. ಅಪಾರ್ಟ್‌ಮೆಂಟಿನ ಹತ್ತಡಿ ಅಗಲದ ಕೋಣೆಯನ್ನು ತೆಗೆದುಕೊಳ್ಳಿ. ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸದ್ದೂ ಅದರ ಇಮ್ಮಡಿಯಾದ 112ರ ಸದ್ದೂ ಸಿಕ್ಕಿಬಿದ್ದು ಅನುರಣಿಸುತ್ತವೆ. ಗಿಟಾರಿನ ಐದನೆಯ ತಂತಿಯನ್ನು ಬಿಟ್ಟು ಮೀಟಿದರೆ ಬರುವುದು 110. ಹಾಗಾಗಿ ಗೋಡೆಗೊರಗಿ ಕೂತರೆ ಆ ಒಂದು ತಂತಿ ಮಾತ್ರ ಗುಂಯ್‌ಗುಡುತ್ತದೆ, ಎರಡೂವರೆ ಅಡಿ ಮುಂದಕ್ಕೆ ಬಂದರೆ ಅದೇ ತಂತಿ ಬಡಕಲಾಗುತ್ತದೆ. ಪೆಟ್ಟಿಗೆಯನ್ನು ಮೂಲೆಯಲ್ಲಿ, ನೆಲದ ಮೇಲೆ, ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಸಂದಿಯಲ್ಲಿ ಇಟ್ಟಿದ್ದರೆ (ಮನೆಯೊಡತಿ ಬೇರೆ ಜಾಗ ಕೊಟ್ಟಿಲ್ಲ) ಮಂದ್ರ ಇನ್ನಷ್ಟು ಉಬ್ಬುತ್ತದೆ. ಕಂಪನಿಯವರು ನಿರ್ಗುಣವೆಂದು ಅಳೆದು ಕಳಿಸಿದ್ದಕ್ಕೆ ಕೋಣೆಯೇ ಸಕಲ ಗುಣಗಳನ್ನೂ ತೊಡಿಸಿರುತ್ತದೆ. ಗ್ರಾಫಿನ ಗೆರೆ ಎರಡು ಡೆಸಿಬಲ್ ಸೊಟ್ಟಗಿದೆ ಎಂದು ಪೆಟ್ಟಿಗೆಯೊಂದನ್ನು ತಿರಸ್ಕರಿಸಿದ ಈ ಮಹನೀಯರು ಇಲ್ಲಿ ಹತ್ತು ಡೆಸಿಬಲ್ ಸೊಟ್ಟಗಿರುವ ಗೋಡೆಗಳಿಗೆ ಇಎಂಐ ಕಟ್ಟುತ್ತಿದ್ದಾರೆ.

ಕಿವಿಯೂ ಸಾಚಾ ಅಲ್ಲ. ಸದ್ದು ಸಣ್ಣದಾದಾಗ ಮಂದ್ರವೂ ತೀರಾ ಚೂಪು ಸ್ವರವೂ ಕಿವಿಗೆ ಕ್ಷೀಣವಾಗಿ ಕೇಳುತ್ತವೆ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದರು. ಮಕ್ಕಳು ಮಲಗಿದ ಮೇಲೆ ಪಿಸುದನಿಯಲ್ಲಿ ಪ್ರೀಸೆಟ್ (ಮಾಡೆಲರಿನಲ್ಲಿ ಉಳಿಸಿಟ್ಟ ಸದ್ದಿನ ಹೊಂದಾಣಿಕೆ) ತಿದ್ದುವ ನಮ್ಮವರು, ಕಡಿಮೆಯಾಗಿ ಕೇಳಿದ್ದನ್ನೆಲ್ಲ ಏರಿಸುತ್ತಾ ಹೋಗುತ್ತಾರೆ. ಭಾನುವಾರ ಗೆಳೆಯರ ಬ್ಯಾಂಡಿನ ಅಭ್ಯಾಸದಲ್ಲಿ ಡ್ರಮ್ಮಿನ ಸಮಕ್ಕೆ ವಾಲ್ಯೂಮ್ ಎತ್ತಿದಾಗ ಅದೇ ಪ್ರೀಸೆಟ್ ಕೆಳಗೆ ಗುಡುಗುತ್ತದೆ, ಮೇಲೆ ಕೀರುತ್ತದೆ. ಗಿಟಾರ್ ಇರಬೇಕಾದ ನಡುಭಾಗ ಬೋಳು. “ಮಿಕ್ಸಲ್ಲಿ ನಾನೇ ಕೇಳಿಸ್ತಿಲ್ವಲ್ಲೋ” ಎನ್ನುತ್ತಾರೆ. ತೀರ್ಪು ಮತ್ತೆ ಪೆಟ್ಟಿಗೆಯ ವಿರುದ್ಧ.

ಇನ್ನು ವ್ಯಾಟ್ ವ್ಯಾಮೋಹ. ಪೆಟ್ಟಿಗೆಯ ಮೇಲೆ 2000 ವ್ಯಾಟ್ ಎಂದಿದ್ದರೆ ಅದು ಬಹುಪಾಲು ಕ್ಷಣಮಾತ್ರದ ಶಿಖರದ ಲೆಕ್ಕ. ಸಾವಿರದಿಂದ ಎರಡು ಸಾವಿರಕ್ಕೆ ಏರಿದರೂ ಹೆಚ್ಚುವುದು ಮೂರೇ ಡೆಸಿಬಲ್. ಎರಡು ಪಟ್ಟು ಜೋರೆನಿಸಲು ಹತ್ತು ಪಟ್ಟು ವ್ಯಾಟ್ ಬೇಕು. ಒಳ್ಳೆಯ ಹನ್ನೆರಡಿಂಚಿನ ಗಿಟಾರ್ ಸ್ಪೀಕರ್ ಒಂದೇ ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ, ನೂರು ಡೆಸಿಬಲ್ ಹತ್ತಿರಕ್ಕೆ ಕೂಗಬಲ್ಲದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರ ಮೇಲೆ 45. ಎರಡು ಸಾವಿರ ವ್ಯಾಟಿನ ಒಡೆಯರು ಕಾನೂನಿಗೆ ತಲೆಬಾಗಿ ಒಂದು ವ್ಯಾಟಿನ ಚೂರುಪಾರಿನಲ್ಲಿ ಬದುಕುತ್ತಿದ್ದಾರೆ. ಉಳಿದದ್ದು ಪಕ್ಕದ ಮನೆಯವರ ಮುಂದೆ ಹೇಳಿಕೊಳ್ಳಲಿಕ್ಕೆ.

ಹಾಗಾದರೆ ಎಲ್ಲ ಪೆಟ್ಟಿಗೆಯೂ ಒಂದೇ ಎನ್ನುತ್ತೀರಾ ಎಂದು ಇವರು ಕೆರಳುವುದು ನ್ಯಾಯವೇ. ಒಂದೇ ಅಲ್ಲ. ವೂಫರಿನಿಂದ ಟ್ವೀಟರಿಗೆ ಸ್ವರ ದಾಟುವ ಕಡೆ ಕೆಲವು ಎಡವುತ್ತವೆ. ಎರಡೂ ಒಂದೇ ನಡುಬಿಂದುವಿನಲ್ಲಿರುವ ಕೋಆಕ್ಸಿಯಲ್ ಜಾತಿಯವು ಸಣ್ಣ ಕೋಣೆಯಲ್ಲಿ, ಹತ್ತಿರದಿಂದ ಕೇಳುವಾಗ ಮೇಲು. ಕೆಲವದರ ಹಿಂಬದಿಯ ಫ್ಯಾನು ಮೆಲ್ಲಗೆ ನುಡಿಸುವ ಕಡೆ ಶ್ರುತಿಪೆಟ್ಟಿಗೆಯಂತೆ ಜೊತೆಗೂಡುತ್ತದೆ. ಕೆಲವನ್ನು ಎತ್ತಿದರೆ ನಡು ಹಿಡಿದುಕೊಳ್ಳುತ್ತದೆ. ಇವು ನಿಜವಾದ ವ್ಯತ್ಯಾಸಗಳು, ಮತ್ತು ಇವರ ಹೋಲಿಕೆಯ ಎಕ್ಸೆಲ್ ಶೀಟಿನಲ್ಲಿ ಇವಕ್ಕೆ ಕಾಲಮ್ಮೇ ಇಲ್ಲ. ತಯಾರಕರು ಮಾತ್ರ ಈ ಭಕ್ತರ ಮನಸ್ಸನ್ನು ಇವರಿಗಿಂತ ಚೆನ್ನಾಗಿ ಓದಿದ್ದಾರೆ. ಲೈನ್ 6 ಕಂಪನಿ 2018ರಲ್ಲಿ ತಂದ ಪವರ್‌ಕ್ಯಾಬ್ ನಿರ್ಗುಣವಾಗಿಯೂ ಇರುತ್ತದೆ, ಕೇಳಿದರೆ ಹಳೆಯ ಗಿಟಾರ್ ಸ್ಪೀಕರುಗಳ ಅವತಾರವನ್ನೂ ತಾಳುತ್ತದೆ. 2023ರ ಫೆಂಡರ್ ಎಫ್‌ಆರ್-12ರ ನೆತ್ತಿಯ ಮೇಲೆ ಬೇಸ್, ಮಿಡ್, ಟ್ರೆಬಲ್, ಜೊತೆಗೆ ಚೂಪು ಸ್ವರ ಕತ್ತರಿಸುವ ಗುಂಡಿ. ರೂಪವೂ ಅಜ್ಜನ ಕಾಲದ ಆಂಪ್ಲಿಫೈಯರಿನದೇ. ನಿರಾಕಾರನಿಗೆ ಬೆಳ್ಳಿ ಕಣ್ಣು, ಕಿರೀಟ ಇಟ್ಟು ಕೊಟ್ಟರೆ ಭಕ್ತರು ಇಮ್ಮಡಿ ಕಾಣಿಕೆ ಹಾಕುತ್ತಾರೆ ಎಂಬ ವ್ಯಾಪಾರದ ತಿಳಿವಳಿಕೆ ಇದು.

ಸಗುಣವೇ ಬೇಕೆಂದರೆ ಮಾಡೆಲರಿನ ಕ್ಯಾಬಿನೆಟ್ ಭಾಗವನ್ನು ಆಫ್ ಮಾಡಿ, ಪವರ್ ಆಂಪ್ ಹಾಕಿ, ನೇರ ಗಿಟಾರ್ ಕ್ಯಾಬಿನೆಟ್ಟನ್ನೇ ಜೋಡಿಸಬಾರದೇಕೆ? ಮನೆ ಬಿಟ್ಟು ಹೋಗದವರಿಗೆ ಇದೇ ಸರಿಯಾದ ಉತ್ತರವೆಂದು ನನ್ನ ಅಭಿಪ್ರಾಯ. ಆದರೆ ಆಗ ಯಾವ ಪ್ರೀಸೆಟ್ ಒತ್ತಿದರೂ ಅದೇ ಒಂದು ಸ್ಪೀಕರಿನ ದನಿ. ನೂರು ಕ್ಯಾಬಿನೆಟ್ಟುಗಳಿಗೆ ದುಡ್ಡು ತೆತ್ತವರು ಒಂದಕ್ಕೆ ಒಪ್ಪಲಾರರು, ನುಡಿಸುವುದು ಎರಡೇ ರಿಫ್ ಆದರೂ.

ಹವ್ಯಾಸ ತಾನೇ, ಅವರ ದುಡ್ಡು, ಅವರ ಕಿವಿ ಎನ್ನುವವರಿಗೆ ನನ್ನ ತಕರಾರಿಲ್ಲ. ಈ ಉಪಾಸನೆಯಿಂದ ಲೋಕಕ್ಕೆ ಲಾಭವೇ ಇದೆ. “ಏನ್ರೀ, ಇನ್ನೊಂದು ಪೆಟ್ಟಿಗೆನಾ?” ಎಂಬ ಪ್ರಶ್ನೆ ಅಡುಗೆಮನೆಯಿಂದ ಬಂದ ದಿನ ಹಳೆಯದು ಮಾರಾಟಕ್ಕೆ ಹೊರಡುತ್ತದೆ. ನಿಜವಾಗಿ ಪೆಟ್ಟಿಗೆ ಬೇಕಾದವರು ಕಾಯಬೇಕಾದ್ದು ಆ ದಿನಕ್ಕೆ. ನಿಮ್ಮದೇ ಮಾಡೆಲರ್, ನಿಮ್ಮದೇ ಪ್ರೀಸೆಟ್ ಒಯ್ಯಿರಿ. ಪೆಟ್ಟಿಗೆಯನ್ನು ಕಿವಿಯ ಎತ್ತರಕ್ಕೆ ಏರಿಸಿ, ಮೂಲೆಯಿಂದ ಈಚೆ ಎಳೆದು, ನೀವು ನುಡಿಸುವಷ್ಟೇ ಜೋರಿಗೆ ಕೇಳಿರಿ. ಕೈ ನಿಲ್ಲಿಸಿ ಫ್ಯಾನಿನ ಸದ್ದಿಗೆ ಕಿವಿಗೊಡಿರಿ. ಮಾರುವವರು “ಮನೆ ಬಳಕೆ ಅಷ್ಟೇ ಸರ್, ವಾಲ್ಯೂಮ್ ಕಾಲು ಭಾಗ ದಾಟಿಲ್ಲ” ಎಂದರೆ ಅನುಮಾನ ಬೇಡ. ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಅಕ್ಷರಶಃ ನಂಬಬಹುದಾದ ಮಾತು ಅದೊಂದೇ.