ಹಲಗೆ ನಂಬರ್ 17

ಉಡುಪಿ ಬಳಿಯ ಹಿರಿಯಡಕ ದಾಟಿ ಒಳದಾರಿ ಹಿಡಿದರೆ ಸ್ವರ್ಣಾ ನದಿಗೆ ಸೇರುವ ಒಂದು ತೋಡು, ಅದಕ್ಕೊಂದು ಕಿಂಡಿ ಅಣೆಕಟ್ಟು. ಪಕ್ಕದ ಶೆಡ್ಡಿನಲ್ಲಿ ಹಲಗೆಗಳು ಒಂದರ ಮೇಲೊಂದು ಮಲಗಿದ್ದವು. ಡಿಸೆಂಬರ್ ಎರಡನೇ ವಾರ. ಇಷ್ಟೊತ್ತಿಗೆ ನೀರಿನಲ್ಲಿ ನಿಂತಿರಬೇಕಾದವು. ಎಲ್ಲಕ್ಕಿಂತ ಮೇಲಿದ್ದದ್ದರ ಮೈಮೇಲೆ ಬಿಳಿ ಪೇಂಟಿನಲ್ಲಿ 17 ಎಂದಿತ್ತು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಮಧ್ಯಾಹ್ನ ಮಣಿಪಾಲದಲ್ಲಿ ಒಂದು ವಿಚಾರಸಂಕಿರಣ, ‘ಸುಸ್ಥಿರ ಹಾಗೂ ಸಮಾನ ಪ್ರಾದೇಶಿಕ ಯೋಜನೆಯಲ್ಲಿ ಸಮುದಾಯದ ಪಾತ್ರ’ ಎಂದು. ನನ್ನ ಪ್ರಬಂಧಕ್ಕೆ ಒಂದು ಉದಾಹರಣೆ ಬೇಕಿತ್ತು.

ಪ್ರಶ್ನೆ: ನಮಸ್ಕಾರ. ಈ ಯೋಜನೆಯಲ್ಲಿ ತಮ್ಮ ಪಾತ್ರವೇನು?

ಹಲಗೆ: ಪಾತ್ರ ಗೀತ್ರ ಎಂತದೂ ಇಲ್ಲ ಮಾರಾಯ್ರೆ. ಅರ್ಧ ವರ್ಷ ನೀರಲ್ಲಿ ನಿಲ್ಲುವುದು, ಅರ್ಧ ವರ್ಷ ಇಲ್ಲಿ ಮಲಗುವುದು. ನಮ್ಮದು ಎರಡು ಸಾಲು, ನಡುವೆ ಮಣ್ಣು ತುಂಬಿ ತುಳಿಯಬೇಕು. ಒಂದು ಹಲಗೆ ಹಾಕದಿದ್ದರೆ ಉಳಿದವರೆಲ್ಲ ನಿಂತದ್ದು ದಂಡ.

ಪ್ರಶ್ನೆ: ಮತ್ತೆ ಇನ್ನೂ ಶೆಡ್ಡಿನಲ್ಲೇ ಇದ್ದೀರಿ?

ಹಲಗೆ: ಹಾಕುವವರು ಯಾರು ಎಂದು ಇನ್ನೂ ತೀರ್ಮಾನವಾಗಿಲ್ಲ. ಪಂಚಾಯತಿಯವರು ಇಲಾಖೆಯ ಕೆಲಸ ಅಂತಾರೆ, ಇಲಾಖೆಯವರು ಫಲಾನುಭವಿಗಳ ಕೆಲಸ ಅಂತಾರೆ. ಫಲಾನುಭವಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದ್ದಾರಂತೆ. ಅದು ಒಪ್ಪಿಗೆಯೋ ಕ್ಷಮೆಯೋ ಗೊತ್ತಾಗುವುದಿಲ್ಲ. ನೋಡಿ, ತೋಡಿನಲ್ಲಿ ನೀರು ಹೋಗ್ತಾ ಉಂಟು. ಮೊನ್ನೆ ಮೊಣಕಾಲಿಗಿತ್ತು, ಇವತ್ತು ಹಿಮ್ಮಡಿಗೆ.

ಪ್ರಶ್ನೆ: ಹಿಂದೆಲ್ಲ ಹೀಗಿರಲಿಲ್ಲ, ಊರೆಲ್ಲ ಒಂದಾಗಿ ಕಟ್ಟ ಕಟ್ಟುತ್ತಿದ್ದರು ಅಂತಾರೆ.

ಹಲಗೆ: ಕಟ್ಟುತ್ತಿದ್ದರು. ಮಳೆ ಬಿಟ್ಟ ಮೇಲೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಪ್ರತಿ ವರ್ಷ ಹೊಸದಾಗಿ. ಮುಂದಿನ ಮಳೆಗಾಲಕ್ಕೆ ಕೊಚ್ಚಿಹೋಗುತ್ತಿತ್ತು. ಆದರೆ ಅದನ್ನು ಚಿನ್ನದ ಕಾಲ ಅಂತ ನಿಮ್ಮ ಪ್ರಬಂಧದಲ್ಲಿ ಬರೀಬೇಡಿ. ಗದ್ದೆ ಧಣಿಗಳದ್ದು, ಮಣ್ಣು ಹೊತ್ತದ್ದು ಒಕ್ಕಲಿನವರು. 1974ರ ಭೂಸುಧಾರಣೆ ಬಂದ ಮೇಲೆ ಹೊತ್ತವನಿಗೂ ಗದ್ದೆ ಬಂತು. ಅವನ ಮಕ್ಕಳು ಮುಂಬೈಗೆ, ದುಬೈಗೆ ಹೋದರು. ಗದ್ದೆ ಬೇಸಾಯವಿಲ್ಲದೆ ಹಡಿಲು ಬಿತ್ತು. ಒಬ್ಬ ಹಡಿಲು ಬಿಟ್ಟರೆ ಪಕ್ಕದವನಿಗೆ ನೀರು ದಾಟುವುದಿಲ್ಲ, ನವಿಲು ಹಂದಿಗಳ ಕಾಟ ಬೇರೆ. ಅವನೂ ಬಿಡುತ್ತಾನೆ. ಹಡಿಲು ಬೀಳುವುದೂ ಸಾಮೂಹಿಕವೇ.

ಪ್ರಶ್ನೆ: ಆದರೆ 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆಯಿತಲ್ಲ?

ಹಲಗೆ: ನಡೆಯಿತು, ಇಲ್ಲ ಅನ್ನುವುದಿಲ್ಲ. ಕೇದಾರೋತ್ಥಾನ ಟ್ರಸ್ಟ್ ಅಂತ ಮಾಡಿ, ಸಂಘಸಂಸ್ಥೆಯವರು, ಶಾಲೆಮಕ್ಕಳು, ಅಂಗಿ ಇಸ್ತ್ರಿ ಮಾಡಿದವರು ಎಲ್ಲ ಕೆಸರಿಗಿಳಿದರು. ‘ಉಡುಪಿ ಕೇದಾರ ಕಜೆ’ ಅಂತ ಅಕ್ಕಿಯೂ ಬಂತು. ನನಗೆ ನಿಜಕ್ಕೂ ಖುಷಿಯಾದದ್ದು ನಾಟಿಯ ಫೋಟೋ ನೋಡಿ ಅಲ್ಲ, ಎಷ್ಟೋ ವರ್ಷದಿಂದ ಮುಚ್ಚಿಹೋದ ತೋಡುಗಳ ಹೂಳು ತೆಗೆದರು ಅಂತ ಕೇಳಿ. ಹೂಳು ತೆಗೆಯುವವನ ಫೋಟೋ ಚಂದ ಬರುವುದಿಲ್ಲ ಮಾರಾಯ್ರೆ. ಬೆನ್ನು ಮಾತ್ರ ಕಾಣುತ್ತದೆ.

ಪ್ರಶ್ನೆ: ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲಾನಿನ, ನಕ್ಷೆ ನೋಡಿದ್ದೀರಾ?

ಹಲಗೆ: ಒಬ್ಬರು ಇಲ್ಲಿಗೇ ತಂದು ನನ್ನ ಮೇಲೆ ಹಾಸಿ ನೋಡಿದ್ದರು. ಮನೆಗೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನೆಗೆ ನೇರಳೆ. ನಮ್ಮವರಿಗೆ ಮೂರೇ ಬಣ್ಣ ಗೊತ್ತಿದ್ದದ್ದು: ಬೈಲು, ಮಜಲು, ಬೆಟ್ಟು. ನೀರು ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕ ಅದು. ಬೆಟ್ಟಿನಲ್ಲಿ ಮನೆ, ಬೈಲಿನಲ್ಲಿ ಬೇಸಾಯ. ಈಗ ಬೈಲಿಗೆ ಹಳದಿ ಬಳಿದರೆ ಮರುದಿನ ಟಿಪ್ಪರಿನಲ್ಲಿ ಕೆಂಪು ಮಣ್ಣು ಬರುತ್ತದೆ. 2020ರ ಸೆಪ್ಟೆಂಬರಿನಲ್ಲಿ ಉಡುಪಿಗೆ ನೆರೆ ಬಂದಾಗ ಕಲ್ಸಂಕದಲ್ಲಿ ದೋಣಿ ಹಾಕಬೇಕಾಯಿತು. ನೀರು ಹಳೇ ನಕ್ಷೆ ಹಿಡಿದುಕೊಂಡು ಬಂದಿತ್ತು, ಅಷ್ಟೆ.

ಪ್ರಶ್ನೆ: ಇಡೀ ಜಿಲ್ಲೆಗೆ ಒಟ್ಟಾಗಿ ಯೋಚಿಸಲು ಜಿಲ್ಲಾ ಯೋಜನಾ ಸಮಿತಿ ಎಂಬುದೊಂದು ಇದೆಯಲ್ಲ?

ಹಲಗೆ: ಸಂವಿಧಾನದಲ್ಲೇ ಉಂಟು. ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯತ್ ಮತ್ತು ಪೇಟೆಯ ಸಭೆಗಳಿಂದ ಆರಿಸಿ ಬಂದವರಿರಬೇಕು. ಜಿಲ್ಲಾ ಪಂಚಾಯತಿನ ಅವಧಿ 2021ರಲ್ಲಿ ಮುಗಿದದ್ದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆ ಕಡೆಯ ಕಿಂಡಿಗೆಲ್ಲ ಹಲಗೆ ಹಾಕದೆ ಅಣೆಕಟ್ಟು ಉದ್ಘಾಟನೆ ಮಾಡಿದ ಹಾಗೆ.

ಪ್ರಶ್ನೆ: ಹಾಗಾದರೆ ಜನರ ಗುಂಪುಗಳಿಂದ ಏನೂ ಆಗಿಲ್ಲವೇ?

ಹಲಗೆ: ಯಾರು ಹೇಳಿದ್ದು? ಕಾಪು ಕಡೆ ಕೇಳಿ ನೋಡಿ. ಎಲ್ಲೂರಿನ 1,200 ಮೆಗಾವಾಟ್ ವಿದ್ಯುತ್ ಸ್ಥಾವರದ ವಿರುದ್ಧ ನಂದಿಕೂರಿನ ಜನಜಾಗೃತಿ ಸಮಿತಿ ವರ್ಷಗಟ್ಟಲೆ ಅಲೆದ ಮೇಲೆ, 2022ರಲ್ಲಿ ಹಸಿರು ನ್ಯಾಯಮಂಡಳಿ ಸ್ಥಾವರದವರಿಗೆ ಸುಮಾರು 52 ಕೋಟಿ ರೂಪಾಯಿ ಕಟ್ಟಿ ಎಂದಿತು. ಕಾರ್ಕಳದ ನಿಟ್ಟೆಯಲ್ಲಿ ಹತ್ತಾರು ಪಂಚಾಯತಿಗಳ ಒಣಕಸ ವಿಂಗಡಿಸುವ ಘಟಕ ಉಂಟು. ಅದು ಬಂದ ಮೇಲೆ ನನ್ನ ಕಿಂಡಿಗೆ ಸಿಕ್ಕಿಬೀಳುವ ಬಾಟ್ಲಿ ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ. ಪ್ಯಾಂಪರ್ಸ್ ಈಗಲೂ ಬರುತ್ತದೆ.

ಪ್ರಶ್ನೆ: ಸಮಾನತೆಯ ಬಗ್ಗೆ ಒಂದು ಮಾತು?

ಹಲಗೆ: ನಿಮ್ಮ ಮನೆ ಎಲ್ಲಿ?

ಪ್ರಶ್ನೆ: ಮಣಿಪಾಲ. ಫ್ಲ್ಯಾಟು, ಏಳನೇ ಮಾಳಿಗೆ.

ಹಲಗೆ: ನಲ್ಲಿಯಲ್ಲಿ ಬರುವುದು ಬಜೆ ಅಣೆಕಟ್ಟಿನ ನೀರಲ್ವಾ? ಅಂದರೆ ಈ ಸ್ವರ್ಣೆಯದ್ದೇ. 2019ರ ಮೇ ತಿಂಗಳಲ್ಲಿ ಬಜೆ ಖಾಲಿಯಾದಾಗ ನದಿಯ ಗುಂಡಿಗುಂಡಿಗೆ ಪಂಪು ಇಟ್ಟು ನಿಮಗೆ ನೀರು ಹಾಯಿಸಿದರು. ಕುಡಿಯುವ ನೀರು ಉಳಿಸಬೇಕು ಅಂತ ನದಿದಂಡೆಯ ರೈತರ ಪಂಪಿಗೆ ಕರೆಂಟು ತೆಗೆದದ್ದೂ ಉಂಟು. ಅವರ ತೋಟ ಒಣಗಿತು, ನೀವು ಸ್ನಾನ ಮಾಡಿದಿರಿ. ತಪ್ಪು ಅಂತ ಅಲ್ಲ, ಬಾಯಾರಿಕೆ ಮೊದಲು. ಆದರೆ ಆ ರೈತ ಇಲ್ಲಿ ಹಲಗೆ ಹಾಕಿ ತಡೆದ ನೀರೇ ಇಂಗಿ ಇಂಗಿ ಮಾರ್ಚಿನಲ್ಲಿ ನಿಮ್ಮ ನದಿಗೆ ಒಸರುವುದು. ಹಲಗೆ ಹಾಕಲು ನಿಮ್ಮ ಮಾಳಿಗೆಯಿಂದ ಯಾರಾದರೂ ಬಂದದ್ದುಂಟಾ?

ಪ್ರಶ್ನೆ: ನಮಗೆ ಯಾರೂ ಹೇಳಲಿಲ್ಲ...

ಹಲಗೆ: ಈಗ ಹೇಳಿದೆ.

ಅಷ್ಟರಲ್ಲಿ ಗದ್ದೆಯ ಹುಣಿಯ ಮೇಲೆ ಮೂವರು ಬಂದರು. ಒಬ್ಬರ ಕೈಯಲ್ಲಿ ಹಾರೆ, ಇನ್ನೊಬ್ಬರ ಹೆಗಲಲ್ಲಿ ಸುತ್ತಿದ ಟಾರ್ಪಲು, ಮೂರನೆಯವರಿಗೆ ಎಪ್ಪತ್ತು ದಾಟಿರಬೇಕು. ‘ಹಲಗೆ ಹಿಡಿಯಲಿಕ್ಕೆ ಒಂದು ಜನ ಕಡಿಮೆ ಉಂಟು’ ಎಂದು ಆ ಹಿರಿಯರು ನನ್ನ ಬಿಳಿ ಅಂಗಿಯನ್ನು ಒಮ್ಮೆ ನೋಡಿದರು.

ಮೀಟಿಂಗಿಗೆ ಹೊತ್ತಾಯಿತು ಎಂದೆ.

‘ಎಂತ ಮೀಟಿಂಗು?’ ಎಂದು ಹದಿನೇಳು ಕೇಳಿತು. ನಾನು ಅಂಗಿಯ ತೋಳು ಮಡಚುತ್ತಿದ್ದೆ, ಉತ್ತರ ಹೇಳಲಿಲ್ಲ.