ರಾಜಾಜಿನಗರದ ಅತ್ತೆ, ಬವೇರಿಯಾದ ಅಣಬೆ

ರಾಜಾಜಿನಗರದ ಅತ್ತೆ-ಮಾವನನ್ನು ಮ್ಯೂನಿಕ್‌ಗೆ ಕರೆಸಿಕೊಳ್ಳುವುದಾದರೆ ಬೇಸಿಗೆಯಲ್ಲೇ ಕರೆಸಿಕೊಳ್ಳಬೇಕು. ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಇಲ್ಲಿನವರು ಬುಟ್ಟಿ, ಚಾಕು ಹಿಡಿದು ಅಣಬೆಗೆಂದು ಕಾಡಿಗೆ ಹೊರಡುತ್ತಾರೆ. ಮನೆಮಟ್ಟಿಗೆ ಕಿತ್ತುಕೊಂಡರೆ ದುಡ್ಡಿಲ್ಲ. 'ದುಡ್ಡಿಲ್ಲ' ಎಂಬುದು ಕಿವಿಗೆ ಬಿದ್ದ ಮೇಲೆ ನಮ್ಮತ್ತೆಯನ್ನು ಮನೆಯಲ್ಲಿ ಕೂರಿಸುವವರು ಇನ್ನೂ ಹುಟ್ಟಿಲ್ಲ.

ಅತ್ತೆಯ ತವರು ಮಳವಳ್ಳಿ ಕಡೆ. ಗುಡುಗು ಮಳೆಯ ಮರುದಿನ ಹುತ್ತದ ಅಣಬೆ ಕಿತ್ತು ಸಾರು ಕಾಸಿದ ಕೈ. ಅಂಗಡಿಯ ಬಟನ್ ಅಣಬೆ ಅವರ ಪಾಲಿಗೆ ಬರೀ ರಬ್ಬರು. ಗೆದ್ದಲು ಸಾಕುವ ಆ ಹುತ್ತದ ಅಣಬೆ ಏಷ್ಯಾ, ಆಫ್ರಿಕಾದಲ್ಲಷ್ಟೇ ಬೆಳೆಯುತ್ತದೆ, ಅದಕ್ಕೆ ಜರ್ಮನ್ ವೀಸಾ ಇಲ್ಲ ಎಂದೆ. ಕೇಳಲಿಲ್ಲ.

ಕಾಡಿಗೆ ಕಾಲಿಟ್ಟಿದ್ದೇ, ತಿಳಿಹಸಿರು ಟೊಪ್ಪಿಯ ಅಣಬೆಗೆ ಕೈಹಾಕಿ, "ನೋಡೇ, ನಮ್ಮೂರಂದೇ!" ಎಂದರು. ಅದು ಡೆತ್ ಕ್ಯಾಪ್. ಎಷ್ಟು ಕುದಿಸಿದರೂ ವಿಷ ಹೋಗದು. ತಿಂದ ಆರೇಳು ಗಂಟೆಯಾದರೂ ಏನೂ ಗೊತ್ತಾಗದು. ಆಮೇಲೆ ವಾಂತಿ, ಭೇದಿ. ನಡುವೆ ವಾಸಿಯಾದಂತೆ ನಟನೆ. ಕೊನೆಗೆ ಲಿವರ್‌ಗೇ ಕುತ್ತು.

"ಬೆಳ್ಳಿ ಚಮಚ ಹಾಕಿ ಬೇಯಿಸು, ಕಪ್ಪಾಗದಿದ್ದರೆ ತಿನ್ನಬಹುದು" ಎಂದರು ಮಾವ. ಚಮಚ ಹೊಳೆಯುತ್ತಲೇ ಇರುತ್ತದೆ ಮಾವ, ತಿಂದವರು ಇರುವುದಿಲ್ಲ ಎಂದೆ.

2015ರಲ್ಲಿ ಜರ್ಮನಿಗೆ ಬಂದ ನಿರಾಶ್ರಿತರು ತಮ್ಮೂರ ಅಣಬೆಯೆಂದು ಈ ಡೆತ್ ಕ್ಯಾಪನ್ನೇ ತಿಂದು ಆಸ್ಪತ್ರೆ ಸೇರಿದ್ದರು. ಹ್ಯಾನೋವರ್‌ನ ವೈದ್ಯಕೀಯ ಕಾಲೇಜು ಅರಬ್ಬಿ, ಕುರ್ದಿಷ್ ಭಾಷೆಗಳಲ್ಲೂ ಎಚ್ಚರಿಕೆಯ ಪೋಸ್ಟರ್ ಹೊರಡಿಸಿತು. ಇದನ್ನು ಹೇಳಿದ್ದೇ ತಪ್ಪಾಯಿತು.

"ಕನ್ನಡದಲ್ಲಿ ಯಾಕೆ ಹಾಕಿಲ್ಲ?" ಅತ್ತೆ ಬುಟ್ಟಿ ಕೆಳಗಿಟ್ಟರು. "ಬೆಂಗಳೂರಿನ ಮೆಟ್ರೋದ ಹಿಂದಿ ಬೋರ್ಡಿಗೆ ಗಲಾಟೆ ಮಾಡಿದ ಹಾಗೆ ಇಲ್ಲೂ ಮಾಡಬೇಕು."

ಕಿತ್ತಿದ್ದನ್ನೆಲ್ಲ ಅಣಬೆ ತಿಳಿದವರೊಬ್ಬರಿಗೆ ತೋರಿಸಿದೆವು. ಅವರು ಮುಕ್ಕಾಲು ಬುಟ್ಟಿ ಎಸೆದು, ಹಳದಿ ಅಣಬೆ ಒಂದು ಹಿಡಿ ಉಳಿಸಿದರು. 1986ರ ಚೆರ್ನೋಬಿಲ್ ದುರಂತದ ಸೀಸಿಯಂ ಬವೇರಿಯಾದ ಕೆಲವು ಕಾಡಣಬೆಗಳಲ್ಲಿ ಇನ್ನೂ ಇದೆ, ಮಿತಿಯಲ್ಲಿ ತಿನ್ನಿ ಎಂದೂ ಸೇರಿಸಿದರು. ಅಷ್ಟರಲ್ಲಿ ಅತ್ತೆಗೆ ನವರಾತ್ರಿ ನೆನಪಾಯಿತು. "ಹಬ್ಬದಲ್ಲಿ ಅಣಬೆ ಮುಟ್ಟಬಾರದು" ಎಂದು ಚಿತ್ರಾನ್ನ ಕಲಸಿದರು. ಹಳದಿ ಅಣಬೆಯನ್ನು ನಾನೂ ಮಗಳೂ ಬೆಣ್ಣೆಯಲ್ಲಿ ಹುರಿದು ತಿಂದೆವು.

ಹೊರನಾಡ ಕನ್ನಡಿಗರಲ್ಲಿ ವಿನಂತಿ: ಕಾಡಿಗೆ ಅತ್ತೆಯನ್ನು ಖಂಡಿತ ಕರೆದೊಯ್ಯಿರಿ, ಆದರೆ ಬುಟ್ಟಿಯನ್ನು ತಿಳಿದವರಿಗೆ ತೋರಿಸದೆ ಒಲೆ ಹಚ್ಚಬೇಡಿ. ಹುತ್ತದಣಬೆ ಸಾರೇ ಬೇಕೆಂದರೆ ಮಳೆಗಾಲದಲ್ಲಿ ಮಳವಳ್ಳಿಗೆ ಟಿಕೆಟ್ ಮಾಡಿಸಿ.